ಸ್ಪೀಕರ್ ಸುಡೋದು ಯಾಕೆ? ವಾಲ್ವ್ ರೇಡಿಯೊದಿಂದ ಹೋಮ್ ಥಿಯೇಟರ್‌ವರೆಗೆ

ಬೋನಾಳ, ಸುರಪುರ, ಶಹಾಪುರ ಕಡೆ ಮನೆಯ ಸ್ಪೀಕರ್ ಸುಟ್ಟರೆ ಜನ ಹೇಳುವ ಮಾತು ಒಂದೇ: "ಮಷೀನ್ ಪವರ್ ಜಾಸ್ತಿ ಆಯ್ತು." ಇದು ಅರ್ಧ ಸತ್ಯ. ಸಣ್ಣ ಮಷೀನ್ ಕೂಡ ದೊಡ್ಡ ಸ್ಪೀಕರನ್ನು ಸುಡುತ್ತದೆ. ಹತ್ತಿ, ಮೆಣಸಿನಕಾಯಿ ಮಾರಿದ ರೊಕ್ಕದಲ್ಲಿ ಸೆಟ್ ತಂದವರು ಈ ಇನ್ನರ್ಧವನ್ನೂ ತಿಳಿಯಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಶುರು ಮಾಡಿದಾಗ ಅವರ ಪ್ರಸಾರ ಯಂತ್ರದ ಶಕ್ತಿ ಬರೀ 30 ವ್ಯಾಟ್. ನಮ್ಮ ಭಾಗ ಆಗ ನಿಜಾಮರ ಕೈಯಲ್ಲಿತ್ತು, ಹೈದರಾಬಾದಿನಿಂದ ಡೆಕ್ಕನ್ ರೇಡಿಯೊ ಮಾತಾಡುತ್ತಿತ್ತು. ಕಲಬುರಗಿ ಆಕಾಶವಾಣಿ ಬಂದದ್ದು 1966ರಲ್ಲಿ. ಆ ಕಾಲದ ವಾಲ್ವ್ ರೇಡಿಯೊ ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್, ಸ್ಪೀಕರ್, ನಡುವೆ ಒಂದು ಟ್ರಾನ್ಸ್‌ಫಾರ್ಮರ್, ಮೂರನ್ನೂ ಕಂಪನಿಯವರೇ ಹೊಂದಿಸಿ ಕಳಿಸುತ್ತಿದ್ದರು. ಮನೆಯವರಿಗೆ ಓಮ್ ಗೊತ್ತಿರಬೇಕಾಗಿರಲಿಲ್ಲ.

ತೊಡಕು ಶುರುವಾದದ್ದು ಕ್ಯಾಸೆಟ್ ಕಾಲದಲ್ಲಿ. ಎಂಬತ್ತರ ದಶಕದಿಂದ ಜನಪದ, ಭಜನೆ, ಸಿನಿಮಾ ಹಾಡಿನ ಕ್ಯಾಸೆಟ್ ಮನೆಮನೆಗೆ ಬಂದವು. ಕಂಪನಿ ಸೆಟ್ ದುಬಾರಿ. ಹಾಗಾಗಿ ರಿಪೇರಿ ಅಂಗಡಿಯವರು ಕೈಯಾರೆ ಆಂಪ್ಲಿಫೈಯರ್ ಕಟ್ಟಿಕೊಟ್ಟರು. ಅದರಲ್ಲಿ ಹೆಚ್ಚು ಓಡಿದ್ದು '4440' ಎಂಬ ಐಸಿ. ಮೂಲತಃ ಕಾರಿನ ಸ್ಟೀರಿಯೊಗೆ ಮಾಡಿದ್ದು, 12 ವೋಲ್ಟ್ ಬ್ಯಾಟರಿ ಸಾಕು. ಕರೆಂಟ್ ಇಲ್ಲದ ರಾತ್ರಿ ಟ್ರ್ಯಾಕ್ಟರ್ ಬ್ಯಾಟರಿಗೂ ನಡೆಯುತ್ತಿತ್ತು. ಎರಡು ಬದಿಗೆ ತಲಾ 6 ವ್ಯಾಟ್, ಎರಡನ್ನೂ ಸೇರಿಸಿದರೆ ಸುಮಾರು 19 ವ್ಯಾಟ್. ಸ್ಪೀಕರನ್ನು ಕೆಲವರು ಗಡಿಗೆಯ ಬಾಯಿಗೆ ಕೂರಿಸಿದರು. ಬೇಸ್ ಚೆನ್ನಾಗಿಯೇ ಬರುತ್ತಿತ್ತು, ಅದನ್ನು ನಗುವಂತಿಲ್ಲ. ಆದರೆ ಮಷೀನ್ ಒಂದು ಕಡೆಯದು, ಸ್ಪೀಕರ್ ಇನ್ನೊಂದು ಕಡೆಯದು. ಜೋಡಿ ಹೊಂದಿಸುವ ಹೊಣೆ ಕಂಪನಿಯಿಂದ ಮನೆಯವರ ಮೇಲೆ ಬಿತ್ತು.

ಓಮ್ ಅಂದರೇನು? ನಮ್ಮ ಬೋನಾಳ ಕೆರೆಯ ತೂಬು ನೆನೆಸಿಕೊಳ್ಳಿ. ಒಂದು ತೂಬಿನಿಂದ ಇಷ್ಟು ನೀರು ಅಂತಿದ್ದರೆ, ಪಕ್ಕದಲ್ಲಿ ಇನ್ನೊಂದು ತೆಗೆದರೆ ಕೆರೆ ಎರಡು ಪಟ್ಟು ಕೊಡಬೇಕು. 8 ಓಮ್‌ನ ಎರಡು ಸ್ಪೀಕರನ್ನು ಒಂದೇ ವೈರಿಗೆ ಅಕ್ಕಪಕ್ಕ ಕಟ್ಟಿದರೆ 4 ಓಮ್ ಆಗುತ್ತದೆ, ಮೂರು ಕಟ್ಟಿದರೆ 2.7ರ ಆಸುಪಾಸು. ಮಷೀನ್ ಹಿಂದೆ '4 ಓಮ್' ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಸಬಾರದು. ಇಳಿಸಿದರೆ ಐಸಿ ಕಾದು ಹೋಗುತ್ತದೆ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದರೆ 16 ಓಮ್. ಸದ್ದು ಕಡಿಮೆ, ಅಪಾಯವಿಲ್ಲ. ವಾಲ್ವ್ ಮಷೀನಿನ ಗುಣ ಇದಕ್ಕೆ ಉಲ್ಟಾ: ಸ್ಪೀಕರ್ ಬಿಚ್ಚಿಟ್ಟು ಜೋರಾಗಿ ಓಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಕೆಡುತ್ತಿತ್ತು.

ಈಗ ಆ ಇನ್ನರ್ಧ ಸತ್ಯ. ಮಷೀನಿನ ಶಕ್ತಿ ಮುಗಿದ ಮೇಲೂ ವಾಲ್ಯೂಮ್ ತಿರುಗಿಸಿದರೆ ಹಾಡಿನ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಹಾಡು ಹರಿದಂತೆ ಕೇಳುತ್ತದೆ. ಪೂರ್ತಿ ಹಾಗಾದಾಗ 20 ವ್ಯಾಟ್‌ನ ಮಷೀನ್ ಹತ್ತಿರ ಹತ್ತಿರ 40 ವ್ಯಾಟ್ ಬಿಸಿ ತಳ್ಳುತ್ತದೆ. ಕತ್ತರಿಸಿದ ಅಲೆಯಿಂದ ಹುಟ್ಟುವ ಕೀಚಲು ಸದ್ದೆಲ್ಲ ಟ್ವೀಟರಿಗೆ ಹೋಗುತ್ತದೆ. ಅದರ ಕಾಯಿಲಿನ ತಂತಿ ಕೂದಲಿನಷ್ಟು ಸಣ್ಣದು, ಮೊದಲು ಸಾಯುವುದು ಅದೇ. ಬ್ಯಾಟರಿ ಇಳಿದಾಗ, ವೋಲ್ಟೇಜ್ ಬಿದ್ದಾಗ ಇದು ಇನ್ನೂ ಬೇಗ ಆಗುತ್ತದೆ. ಅಂಥ ಹೊತ್ತಲ್ಲೇ ನಾವು ಸದ್ದು ಸಾಲದು ಅಂತ ವಾಲ್ಯೂಮ್ ಏರಿಸುತ್ತೇವೆ!

ಆಮೇಲೆ ಪೆಟ್ಟಿಗೆ ಮೇಲೆ '1000 ವ್ಯಾಟ್ ಪಿಎಂಪಿಒ' ಅಂತ ಬರೆದ ಸೆಟ್‌ಗಳು ಬಂದವು. ಆ ಅಂಕಿಗೆ ಅಳತೆಗೋಲೇ ಇಲ್ಲ; ನಮ್ಮ ಪ್ರಕಾರ ಅದು ಶುದ್ಧ ಮೋಸ. ಕೇಳಬೇಕಾದ್ದು ಆರ್‌ಎಂಎಸ್ ವ್ಯಾಟ್. ಮಷೀನಿನದು ಸ್ಪೀಕರಿನದಕ್ಕೆ ಸಮ ಇರಲಿ, ತುಸು ಹೆಚ್ಚಿದ್ದರೂ ನಡೆದೀತು. ಸದ್ದು ಒಡೆಯುವ ಮುಂಚೆ ಕೈ ಹಿಂದಕ್ಕೆ ಬರಬೇಕು, ಅಷ್ಟೆ.

ಹಳೆ ಸ್ಪೀಕರ್ ಕೊಳ್ಳುವವರು ಪೆನ್‌ಸೆಲ್ ಒಂದನ್ನು ಕ್ಷಣಮಾತ್ರ ಅದರ ತಂತಿಗೆ ಮುಟ್ಟಿಸಿ ನೋಡಿ. 'ಟಪ್' ಅಂದರೆ ಜೀವ ಇದೆ. ಕಾಗದದ ಕೋನನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿದಾಗ ಕರಕರ ಅಂದರೆ ಕಾಯಿಲ್ ಸುಟ್ಟಿರಬಹುದು. ಮಲ್ಟಿಮೀಟರಿನಲ್ಲಿ 8 ಓಮ್‌ನ ಸ್ಪೀಕರ್ 6ರಿಂದ 7 ತೋರಿಸುವುದು ಸಹಜ. ಸೊನ್ನೆ ತೋರಿಸಿದರೆ ಮಷೀನಿಗೆ ಹಚ್ಚಲೇಬೇಡಿ, ಅದೂ ಹೋಗುತ್ತದೆ.