ಮದ್ದು ಹಿಡಿಯುವ ಬಗೆ, ಮದ್ದು ಬಿಡುವ ಕ್ರಮ: ಖಿನ್ನತೆಯ ಔಷಧಗಳ ಚರಿತ್ರೆ ಕುರಿತ ಒಂದು ಜಾನಪದೀಯ ಅವಲೋಕನ

ಜನಪದ ಆಚರಣೆಗಳಲ್ಲಿ ಆರಂಭಕ್ಕೆ ಎಷ್ಟು ಮಹತ್ವವಿದೆಯೋ ಮುಕ್ತಾಯಕ್ಕೂ ಅಷ್ಟೇ ಮಹತ್ವವಿದೆ. ವ್ರತ ಹಿಡಿದವರು ಉದ್ಯಾಪನೆ ಮಾಡದೆ ಅದನ್ನು ಬಿಡುವಂತಿಲ್ಲ. ಜಾತ್ರೆಯ ಮೊದಲ ದಿನ ಕಟ್ಟಿದ ಕಂಕಣವನ್ನು ಕೊನೆಯ ದಿನ ವಿಧಿವತ್ತಾಗಿ ಬಿಚ್ಚಬೇಕು. ಮನೆಗೆ ತಂದ ಗೌರಿಗೆ ವಿಸರ್ಜನೆ ಇದೆ. ನಾಟಿವೈದ್ಯರು ಮದ್ದಿನೊಡನೆ ಪಥ್ಯ ವಿಧಿಸುವಾಗಲೇ ಆ ಪಥ್ಯವನ್ನು ಎಂದು, ಯಾವ ಆಹಾರದಿಂದ ಮುರಿಯಬೇಕೆಂಬುದನ್ನೂ ಹೇಳಿ ಕಳುಹಿಸುತ್ತಾರೆ. ಹಿಡಿದುದನ್ನು ಬಿಡುವುದಕ್ಕೂ ಒಂದು ಕ್ರಮವಿರಬೇಕು, ಆ ಕ್ರಮ ತಪ್ಪಿದರೆ ಹಿಡಿದದ್ದೇ ತೊಡಕಾಗುತ್ತದೆ ಎಂಬ ತಿಳಿವಳಿಕೆ ಈ ಎಲ್ಲ ಆಚರಣೆಗಳ ಹಿಂದೆ ಇದೆ.

ಇಪ್ಪತ್ತನೆಯ ಶತಮಾನದ ನಡುವೆ ಬಳಕೆಗೆ ಬಂದ ಖಿನ್ನತೆ ನಿವಾರಕ ಔಷಧಗಳ ಚರಿತ್ರೆಯನ್ನು ಈ ತಿಳಿವಳಿಕೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಔಷಧಗಳನ್ನು ಆರಂಭಿಸುವ ವಿಧಾನ ಬಹು ಬೇಗ ಖಚಿತಗೊಂಡಿತು. ಬಿಡುವ ವಿಧಾನ ಮಾತ್ರ ಸುಮಾರು 60 ವರ್ಷ ಅಲಕ್ಷ್ಯಕ್ಕೆ ಒಳಗಾಯಿತು. ಇದು ಕೇವಲ ವೈದ್ಯಶಾಸ್ತ್ರದ ಒಳಗಿನ ಸಂಗತಿಯಲ್ಲ. ಔಷಧವೆಂದರೇನು, ಗುಣವಾಗುವುದೆಂದರೇನು ಎಂಬ ಸಾಂಸ್ಕೃತಿಕ ಪ್ರಶ್ನೆಯೂ ಇದರಲ್ಲಿ ಅಡಗಿದೆ.

1. ಬೇರಿನಿಂದ ಗುಳಿಗೆಗೆ

ಖಿನ್ನತೆಯ ಆಧುನಿಕ ಔಷಧ ವಿಚಾರದ ಒಂದು ಮುಖ್ಯ ಎಳೆ ಭಾರತದ ಜನಪದ ವೈದ್ಯದವರೆಗೆ ಚಾಚಿಕೊಂಡಿದೆ ಎಂಬುದು ಗಮನಾರ್ಹ. ಪಶ್ಚಿಮಘಟ್ಟವೂ ಸೇರಿದಂತೆ ದೇಶದ ಹಲವೆಡೆ ಬೆಳೆಯುವ ಸರ್ಪಗಂಧದ ಬೇರನ್ನು ಹಾವು ಕಡಿತಕ್ಕೆ, ನಿದ್ರೆ ಬಾರದಿರುವುದಕ್ಕೆ, ಉನ್ಮಾದಕ್ಕೆ ಬಳಸುತ್ತಿದ್ದರು. ಉತ್ತರ ಭಾರತದಲ್ಲಿ ಅದಕ್ಕೆ ‘ಹುಚ್ಚಿನ ಮದ್ದು’ ಎಂಬರ್ಥದ ಹೆಸರೇ ಇತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಈ ಬೇರು ಉನ್ಮಾದಕ್ಕೂ ಅಧಿಕ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಲೇಖನ ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರು ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟನ್ನಿನ ನಿಯತಕಾಲಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1954ರಲ್ಲಿ ಅಮೆರಿಕದ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಲ್ಲಿ ಬಳಸಿ ಫಲಿತಾಂಶವನ್ನು ವರದಿ ಮಾಡಿದರು.

ಇಲ್ಲಿಂದ ಮುಂದಿನ ಬೆಳವಣಿಗೆ ಕುತೂಹಲಕರವಾಗಿದೆ. ರೆಸರ್ಪಿನ್ ಸೇವಿಸಿದ ಕೆಲವರು ಖಿನ್ನರಾದರೆಂಬ ವರದಿಗಳು 1950ರ ದಶಕದಲ್ಲಿಯೇ ಬಂದವು. ಈ ಸಾರವು ಮೆದುಳಿನ ಕೆಲವು ರಾಸಾಯನಿಕಗಳನ್ನು ಬರಿದು ಮಾಡುತ್ತದೆ ಎಂಬುದೂ ತಿಳಿಯಿತು. ಹಾಗಾದರೆ ಆ ರಾಸಾಯನಿಕಗಳ ಕೊರತೆಯೇ ಖಿನ್ನತೆಗೆ ಕಾರಣವಿರಬಹುದೆಂಬ ಊಹೆ ಹುಟ್ಟಿತು. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ಅದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು. ರೆಸರ್ಪಿನ್‌ಗೂ ಖಿನ್ನತೆಗೂ ಇರುವ ಸಂಬಂಧವನ್ನೇ ಮುಂದೆ ಪ್ರಶ್ನಿಸಿದವರಿದ್ದಾರೆ. ಆದರೂ ಈ ಪ್ರಸಂಗದಿಂದ ಜಾನಪದ ವಿದ್ವಾಂಸರು ಕಲಿಯಬೇಕಾದ ಪಾಠವೊಂದಿದೆ. ನೆಲದಿಂದ ಕಿತ್ತ ಬೇರು ಎಂಬ ಒಂದೇ ಕಾರಣಕ್ಕೆ ಅದು ನಿರಪಾಯಕಾರಿಯಲ್ಲ.

2. ಆರಂಭದ ಶಾಸ್ತ್ರ, ಮುಕ್ತಾಯದ ಮೌನ

ಇದೇ ದಶಕದಲ್ಲಿ ಎರಡು ಔಷಧಗಳು ಬಹುಮಟ್ಟಿಗೆ ಆಕಸ್ಮಿಕವಾಗಿ ದೊರೆತವು. ಕ್ಷಯರೋಗಕ್ಕೆಂದು ತಯಾರಾದ ಇಪ್ರೋನಿಯಾಜಿಡ್ ರೋಗಿಗಳಲ್ಲಿ ಉತ್ಸಾಹ ತುಂಬಿದುದು 1952ರಲ್ಲಿ ಕಂಡುಬಂದಿತು. ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್ಲಿಂಗನ್ ಆಸ್ಪತ್ರೆಯ ರೋಲಾಂಡ್ ಕೂನ್ ಅವರು ಇಮಿಪ್ರಮಿನ್ ಖಿನ್ನತೆಯನ್ನು ತಗ್ಗಿಸುತ್ತದೆಂದು 1957ರಲ್ಲಿ ಪ್ರಕಟಿಸಿದರು. 1987ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಫ್ಲುಯೊಕ್ಸೆಟಿನ್ ಔಷಧಕ್ಕೆ ಅನುಮತಿ ದೊರೆತ ಮೇಲೆ ಈ ವರ್ಗದ ಗುಳಿಗೆಗಳು ಖಿನ್ನತೆಗೆ ಮಾತ್ರವಲ್ಲದೆ ಆತಂಕ, ದಿಗಿಲು ಮೊದಲಾದವಕ್ಕೂ ವ್ಯಾಪಕವಾಗಿ ಬಳಕೆಯಾದವು. ಇವುಗಳಿಂದ ಬದುಕು ಮರಳಿ ಪಡೆದವರು ಅಸಂಖ್ಯ. ಈ ಮಾತನ್ನು ಮೊದಲಿಗೇ ಒಪ್ಪಿಕೊಂಡು ಮುಂದುವರಿಯಬೇಕು.

ಇಮಿಪ್ರಮಿನ್ ನಿಲ್ಲಿಸಿದಾಗ ಕೆಲವರಿಗೆ ಹೊಸ ತೊಂದರೆಗಳು ತಲೆದೋರುತ್ತವೆ ಎಂಬುದು 1959ರಲ್ಲಿಯೇ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಾಗಿತ್ತು. ಆದರೆ ಆ ದಾಖಲೆ ಬಿಡುವ ಶಾಸ್ತ್ರವಾಗಿ ಬೆಳೆಯಲಿಲ್ಲ. 1990ರ ದಶಕದಲ್ಲಿ ಹೊಸ ಗುಳಿಗೆಗಳಿಂದಲೂ ಅದೇ ದೂರು ಬಂದಾಗ ತಜ್ಞರು ಸೇರಿ ಅದಕ್ಕೊಂದು ಹೆಸರಿಟ್ಟರು. ಮದ್ಯ, ಅಫೀಮುಗಳ ಸಂದರ್ಭದಲ್ಲಿ ಬಳಸುವ ‘ಹಿಂತೆಗೆತ’ ಎಂಬ ಪದವನ್ನು ಬಿಟ್ಟು ‘ನಿಲುಗಡೆಯ ಲಕ್ಷಣಸಮೂಹ’ ಎಂಬರ್ಥದ ಸೌಮ್ಯ ಪದವನ್ನು ಆರಿಸಿಕೊಂಡರು. ಹೆಸರಿನ ಮಹಿಮೆ ಏನೆಂಬುದು ಜಾನಪದ ಅಧ್ಯಯನಕಾರರಿಗೆ ಹೊಸದಲ್ಲ. ಗ್ರಾಮದೇವತೆಗಳು ತರುವ ಬೇನೆಯನ್ನು ನಮ್ಮವರು ‘ಅಮ್ಮ’ ಎಂದು ಕರೆದು ಶಮನಗೊಳಿಸುವಂತೆ ಇಲ್ಲಿಯೂ ಹೆಸರೇ ಶಮನದ ಕೆಲಸ ಮಾಡಿತು. ಈ ತೊಂದರೆಗಳು ಸಾಮಾನ್ಯವಾಗಿ ಸೌಮ್ಯವೆಂದೂ ಸುಮಾರು ಒಂದು ವಾರದಲ್ಲಿ ತಾವಾಗಿ ಅಡಗುತ್ತವೆಂದೂ 2009ರ ಬ್ರಿಟಿಷ್ ಮಾರ್ಗಸೂಚಿ ಹೇಳುತ್ತಿತ್ತು. ಕೆಲವರಲ್ಲಿ ಅವು ತೀವ್ರವೂ ದೀರ್ಘವೂ ಆಗಬಲ್ಲವೆಂದು ಆ ಮಾತನ್ನು ತಿದ್ದಿದ್ದು 2019ರಲ್ಲಿ.

3. ‘ಕಟ್ಟಿದವರೇ ಬಿಚ್ಚಬೇಕು’

ಈ ವಿಷಯದ ಆಯ್ಕೆಗೆ ವೈಯಕ್ತಿಕ ಕಾರಣವೂ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ತೀವ್ರವಾದ ಆತಂಕಕ್ಕಾಗಿ ನಾನು ಮೂರು ವರ್ಷ ಇಂಥ ಗುಳಿಗೆಯೊಂದನ್ನು ಸೇವಿಸುತ್ತಿದ್ದೆ. ಮೊದಲ ವರ್ಷ ಅದು ನನ್ನನ್ನು ಮತ್ತೆ ಬರೆಯುವ ಮೇಜಿನ ಮುಂದೆ ಕೂರಿಸಿತು. ಆದರೆ ಜನಪದ ವೈದ್ಯವನ್ನು ಕುರಿತು ಉಪನ್ಯಾಸ ಮಾಡುವವನ ಕೈಚೀಲದಲ್ಲಿ ಈ ಗುಳಿಗೆ ಇರುವುದು ನಾಚಿಕೆಯ ಸಂಗತಿಯೆಂದು ಭಾವಿಸಿ, ಮಲೆನಾಡಿನ ಕ್ಷೇತ್ರಕಾರ್ಯವೊಂದರ ಮೊದಲ ದಿನ ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸಿಬಿಟ್ಟೆ. ನಾಲ್ಕನೆಯ ದಿನಕ್ಕೆ ತಲೆ ತಿರುಗತೊಡಗಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ವಿದ್ಯುತ್ತು ಹೊಡೆದಂತಾಗುತ್ತಿತ್ತು. ನಿದ್ರೆ ಹೋಯಿತು, ಕಾರಣವಿಲ್ಲದೆ ಅಳು ಬರತೊಡಗಿತು. ಹಳೆಯ ರೋಗವೇ ಮರುಕಳಿಸಿತೆಂದು ನಾನು ತಿಳಿದೆ.

ನನ್ನ ವಕ್ತೃಗಳಲ್ಲಿ ಒಬ್ಬರಾಗಿದ್ದ ವೃದ್ಧ ನಾಟಿವೈದ್ಯೆಯ ಬಳಿ ಬೇರೇನಾದರೂ ಕೊಡಿರೆಂದು ಕೇಳಿದೆ. ಆಕೆ ಬೇರು ಕೊಡಲಿಲ್ಲ, ಪ್ರಶ್ನೆ ಕೇಳಿದರು: “ತಮ್ಮಾ, ಮೊದಲು ಎಂತ ಮದ್ದು ತಿಂತಿದ್ದೆ, ಅದನ್ನ ಹೇಳು.” ಹೇಳಿದೆ. “ಒಂದು ಮದ್ದು ಮೈಯಲ್ಲಿರುವಾಗ ಮೇಲೆ ಇನ್ನೊಂದು ಮದ್ದು ನಾ ಕೊಡೂದಿಲ್ಲ. ಕಟ್ಟಿದವರೇ ಬಿಚ್ಚಬೇಕು. ಅವ್ರ ಹತ್ರಾನೇ ಹೋಗು” ಎಂದರು. ತಾಯತದ ವಿಷಯದಲ್ಲಿ ನಾನು ಎಷ್ಟೋ ಬಾರಿ ದಾಖಲಿಸಿಕೊಂಡಿದ್ದ ಮಾತು ಅಂದು ನನ್ನನ್ನೇ ಕುರಿತು ಬಂದಿತ್ತು.

ಮರಳಿ ವೈದ್ಯರ ಬಳಿಗೆ ಹೋದೆ. ಗುಳಿಗೆ ಮತ್ತೆ ಆರಂಭವಾಯಿತು, ಕೆಲವೇ ದಿನಗಳಲ್ಲಿ ಆ ಲಕ್ಷಣಗಳು ಅಡಗಿದವು. ಅನಂತರ ವೈದ್ಯರ ನಿಗಾದಲ್ಲಿ ಪ್ರಮಾಣ ಇಳಿಸುತ್ತ ಹೋಗಿ ಪೂರ್ತಿ ಬಿಡಲು ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕಳೆದದ್ದು ಕೊನೆಯ ಚೂರಿನಲ್ಲಿ.

4. ಕಾಲುಭಾಗದ ಲೆಕ್ಕ

ಕೊನೆಯ ಚೂರು ಏಕೆ ಕಠಿಣ ಎಂಬುದಕ್ಕೆ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ‘ಲಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಸ್ಪಷ್ಟ ವಿವರಣೆ ನೀಡಿದರು. ಗುಳಿಗೆಯ ಪ್ರಮಾಣಕ್ಕೂ ಮೆದುಳಿನ ಮೇಲಿನ ಅದರ ಪ್ರಭಾವಕ್ಕೂ ಇರುವ ಸಂಬಂಧ ನೇರಗೆರೆಯಂತಿಲ್ಲ. ಸಿಟಲೋಪ್ರಾಂ ಔಷಧದ 20 ಮಿಲಿಗ್ರಾಂ ಪ್ರಮಾಣವು ತನ್ನ ಗುರಿಯ ಸುಮಾರು ಶೇ. 80ರಷ್ಟನ್ನು ಆವರಿಸುತ್ತದೆ. ಅದನ್ನು 5 ಮಿಲಿಗ್ರಾಂ ಆಸುಪಾಸಿಗೆ ಇಳಿಸಿದರೂ ಪ್ರಭಾವ ಸುಮಾರು ಶೇ. 60ರಷ್ಟು ಉಳಿದಿರುತ್ತದೆ. ಆದ್ದರಿಂದ 20ರಿಂದ 5ಕ್ಕೆ ಇಳಿಯುವುದು ಸಣ್ಣ ಮೆಟ್ಟಿಲು, 5ರಿಂದ ಸೊನ್ನೆಗೆ ಇಳಿಯುವುದು ಪ್ರಪಾತ. ಹಾಗಾಗಿ ಪ್ರತಿಸಲವೂ ಹಿಂದಿನ ಪ್ರಮಾಣದ ಒಂದು ಪಾಲನ್ನು ಮಾತ್ರ ಕಳೆಯುತ್ತ, ಕೊನೆಗೆ ಅತಿ ಸಣ್ಣ ಪ್ರಮಾಣಗಳ ಮೂಲಕ ಇಳಿಯಬೇಕು. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಗಳು 2022ರಲ್ಲಿ ಪಾಲಿನ ಲೆಕ್ಕದ ಈ ಇಳಿಕೆಯನ್ನು ಅಂಗೀಕರಿಸಿದವು.

ಇಲ್ಲಿ ನಮ್ಮ ವೈದ್ಯಪರಂಪರೆಯ ಒಂದು ವಿಚಾರ ನೆನಪಾಗುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ಮೈಗೆ ಒಗ್ಗಿಹೋದ ಅಹಿತವನ್ನು ಒಮ್ಮೆಲೇ ಬಿಡಬಾರದೆಂದು ವಿಧಿಸುತ್ತದೆ. ಅದರ ಕಾಲುಭಾಗವನ್ನು ಬಿಟ್ಟು ಆ ಸ್ಥಾನದಲ್ಲಿ ಹಿತವಾದುದನ್ನು ಕಾಲುಭಾಗ ತುಂಬಬೇಕು. ನಡುವೆ ದಿನಗಳ ಅಂತರವಿಟ್ಟು ಮುಂದಿನ ಕಾಲುಭಾಗಕ್ಕೆ ಹೋಗಬೇಕು. ವಾಗ್ಭಟನ ಅಷ್ಟಾಂಗಹೃದಯವು ಕಾಲಿನ ಕಾಲುಭಾಗವನ್ನೂ ಹೇಳುತ್ತದೆ. ಈ ಗ್ರಂಥಗಳು ಆಹಾರ ವಿಹಾರಗಳ ಅಭ್ಯಾಸವನ್ನು ಕುರಿತು ಹೇಳುತ್ತಿವೆಯೇ ಹೊರತು ಇಂದಿನ ಗುಳಿಗೆಗಳನ್ನು ಕುರಿತಲ್ಲ. ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಹುಸಿ ಅಭಿಮಾನಕ್ಕೆ ಇದನ್ನು ಆಧಾರವಾಗಿಸಬಾರದು. ಆದರೆ ಒಂದು ತತ್ತ್ವವಂತೂ ಸ್ಪಷ್ಟ. ಒಗ್ಗಿಕೊಂಡ ಮೈಗೆ ಬಿಡುವುದನ್ನೂ ಒಗ್ಗಿಸಬೇಕು, ತೆರವಾದ ಜಾಗ ಬರಿದಾಗಿರಬಾರದು.

5. ತೆರವಾದ ಜಾಗವನ್ನು ತುಂಬುವುದು

‘ಸಹಜ’ ಎನಿಸಿಕೊಳ್ಳುವ ಕ್ರಮಗಳ ಸ್ಥಾನ ಇಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೀವ್ರ ಖಿನ್ನತೆಯ 45 ಮಂದಿಯ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುದರ್ಶನ ಕ್ರಿಯೆಯ ಉಸಿರಾಟದಿಂದ ಶೇ. 67 ಮಂದಿ, ಇಮಿಪ್ರಮಿನ್‌ನಿಂದ ಶೇ. 73 ಮಂದಿ, ವಿದ್ಯುತ್ ಚಿಕಿತ್ಸೆಯಿಂದ ಶೇ. 93 ಮಂದಿ ನಾಲ್ಕು ವಾರಗಳಲ್ಲಿ ಚೇತರಿಸಿಕೊಂಡರು. ಬ್ರಿಟನ್ನಿನಲ್ಲಿ 424 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೌದ್ಧ ಧ್ಯಾನದಿಂದ ಪ್ರೇರಿತವಾದ ಸಾವಧಾನ ಚಿಕಿತ್ಸೆಯೊಡನೆ ಔಷಧ ಇಳಿಸಲು ನೆರವು ಪಡೆದವರಲ್ಲಿ ಶೇ. 44 ಮಂದಿಗೆ, ಔಷಧ ಮುಂದುವರಿಸಿದವರಲ್ಲಿ ಶೇ. 47 ಮಂದಿಗೆ ಎರಡು ವರ್ಷಗಳಲ್ಲಿ ಖಿನ್ನತೆ ಮರುಕಳಿಸಿತು. ಅಂದರೆ ಹಿತವಾದುದನ್ನು ತುಂಬುತ್ತ ಬಿಟ್ಟವರು ಬಿಡದವರಿಗಿಂತ ಹಿಂದೆ ಬೀಳಲಿಲ್ಲ.

ಇದಕ್ಕೆ ಎದುರಾದ ಸಾಕ್ಷ್ಯವನ್ನೂ ಹೇಳಬೇಕು. ದೀರ್ಘಕಾಲ ಔಷಧ ಸೇವಿಸಿ ಬಿಡಬಯಸಿದ 478 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಪರೀಕ್ಷೆಯಲ್ಲಿ, ಒಂದು ವರ್ಷದೊಳಗೆ ಬಿಟ್ಟವರಲ್ಲಿ ಶೇ. 56 ಮಂದಿಗೂ ಮುಂದುವರಿಸಿದವರಲ್ಲಿ ಶೇ. 39 ಮಂದಿಗೂ ಖಿನ್ನತೆ ಮರಳಿತು. ಬಿಡುವುದು ಎಲ್ಲರಿಗೂ ಹಿತವಲ್ಲ. ಬಿಡಲಾಗದವರು ಸೋತವರೂ ಅಲ್ಲ. 2024ರ ಸಮಗ್ರ ವಿಶ್ಲೇಷಣೆಯೊಂದರ ಪ್ರಕಾರ ಔಷಧ ನಿಲ್ಲಿಸಿದವರಲ್ಲಿ ಸುಮಾರು ಶೇ. 31 ಮಂದಿಗೆ ನಿಲುಗಡೆಯ ಲಕ್ಷಣಗಳು ಕಂಡವು. ಔಷಧವಿಲ್ಲದ ಹುಸಿ ಗುಳಿಗೆ ನಿಲ್ಲಿಸಿದವರಲ್ಲಿಯೂ ಶೇ. 17 ಮಂದಿಗೆ ಅವು ಕಂಡವು. ನಿರೀಕ್ಷೆ, ಭಯಗಳಿಗೂ ಮೈಯ ಮೇಲೆ ಅಧಿಕಾರವಿದೆ ಎಂಬುದನ್ನು ಜನಪದ ಚಿಕಿತ್ಸೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಜನಪದದ ಕೊಡುಗೆ ಬೇರಿಗಿಂತ ಹೆಚ್ಚಾಗಿ ಆವರಣದಲ್ಲಿದೆ. ತುಳುನಾಡಿನ ಸಿರಿ ಜಾತ್ರೆಗಳಲ್ಲಿ ಮನೆಯೊಳಗೆ ಹೇಳಲಾಗದ ಸಂಕಟವನ್ನು ಹೆಣ್ಣುಮಕ್ಕಳು ಸಿರಿಯರಾಗಿ, ಕುಮಾರನ ಸಮ್ಮುಖದಲ್ಲಿ, ಬಳಗದ ನಡುವೆ ಹೇಳಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಮರಳಿ ಬರುತ್ತಾರೆ. ನಿಮ್ಹಾನ್ಸ್‌ನ ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ದೇವಾಲಯವೊಂದರಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಗಮನಿಸಿ, ವಿಶೇಷ ವಿಧಿಗಳೇನೂ ಇಲ್ಲದೆ ಕೇವಲ ಆ ವಾಸದಿಂದಲೇ ಅವರ ಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದುದನ್ನು 2002ರಲ್ಲಿ ವರದಿ ಮಾಡಿದರು. ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳ ಪೈಕಿ 28 ಮಂದಿ ಬೆಂಕಿಗೆ ಆಹುತಿಯಾದರು. ಇದನ್ನು ಮರೆತು ಜನಪದ ಚಿಕಿತ್ಸೆಯನ್ನು ಕೊಂಡಾಡುವ ಹಕ್ಕು ನಮಗಿಲ್ಲ. ಅಂತೆಯೇ, ‘ಸಹಜ’ವೆಂಬ ಹೆಸರಿನಲ್ಲಿ ಮಾರಾಟವಾಗುವ ಸೇಂಟ್ ಜಾನ್ಸ್ ವರ್ಟ್ ಮೂಲಿಕೆಯನ್ನು ಖಿನ್ನತೆಯ ಗುಳಿಗೆಗಳೊಡನೆ ಬೆರೆಸಿದರೆ ಅಪಾಯವಿದೆ ಎಂಬುದನ್ನೂ ಹೇಳಬೇಕು. ಮೈಯಲ್ಲಿರುವ ಮದ್ದಿನ ಮೇಲೆ ಇನ್ನೊಂದು ಮದ್ದು ಕೊಡೆನೆಂದ ಆ ವೃದ್ಧೆಯ ವಿವೇಕ ಇಲ್ಲಿ ಅನ್ವಯಿಸುತ್ತದೆ.

6. ಉಪಸಂಹಾರ

ಹಳ್ಳಿಯ ನುಡಿಯಲ್ಲಿ ಈ ಸಂಕಟಕ್ಕೆ ದಿಗಿಲು, ತಳಮಳ, ಕಳವಳ, ಬೇಜಾರು ಎಂದು ಹಲವು ಹೆಸರುಗಳಿವೆ. ಅದನ್ನು ಕಳೆಯಲು ಹಿಡಿದ ಮದ್ದನ್ನು ಬಿಡುವ ಸ್ಥಿತಿಗೆ ಮಾತ್ರ ಹೆಸರಿಲ್ಲ. ಅದು ನಮ್ಮ ಕಾಲದ ಅನುಭವ. ಹೆಸರಿಲ್ಲದ ಕಾರಣ ಅದನ್ನು ಅನುಭವಿಸುವವರು, ನಾನು ತಿಳಿದಂತೆ, ಹಳೆಯ ರೋಗವೇ ಬಂದಿತೆಂದು ತಿಳಿಯುತ್ತಾರೆ. ಇಂಥವರ ಮಾತನ್ನು ಸಂಗ್ರಹಿಸುವುದು ಜಾನಪದ ಅಧ್ಯಯನದ ಹೊಣೆಯೂ ಆಗಬೇಕು. ಗುಳಿಗೆಯನ್ನು ಬರೆದುಕೊಡುವ ದಿನವೇ ಅದರ ಉದ್ಯಾಪನೆಯ ಮಾತನ್ನೂ ಆಡುವುದು ವೈದ್ಯರ ಹೊಣೆ. ಒಬ್ಬಂಟಿಯಾಗಿ, ನಾಚಿಕೆಯಿಂದ, ಒಮ್ಮೆಲೇ ಕಂಕಣ ಹರಿದುಕೊಳ್ಳದಿರುವುದು ಸೇವಿಸುವವರ ಹೊಣೆ.

ನನ್ನ ಆತಂಕ ಪೂರ್ತಿ ಹೋಗಿಲ್ಲ. ಬೆಳಗಿನ ನಡಿಗೆ, ಉಸಿರಿನ ಅಭ್ಯಾಸ, ಹೊತ್ತಿಗೆ ಸರಿಯಾದ ನಿದ್ರೆ, ಮಾತಿಗೆ ಸಿಗುವ ಇಬ್ಬರು ಗೆಳೆಯರು, ಇಷ್ಟರಲ್ಲಿ ಅದು ಹತೋಟಿಯಲ್ಲಿದೆ. ಮತ್ತೆ ಗುಳಿಗೆ ಬೇಕಾದರೆ ನಾಚಿಕೆಯಿಲ್ಲದೆ ಹಿಡಿಯುತ್ತೇನೆ. ಹಿಡಿಯುವಾಗ ಬಿಡುವ ಕ್ರಮವನ್ನೂ ಕೇಳಿಕೊಂಡೇ ಹಿಡಿಯುತ್ತೇನೆ.