ಮಿದುಳಿಗೆ ಹುಳು ಹೋದ ದಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಿನ ಸಂತೆಯಲ್ಲೇ ಆಗಲಿ, ಯಾರಾದರೂ ಫಿಟ್ಸ್ ಬಂದು ಬಿದ್ದರೆ ನಾವು ಮೊದಲು ಹುಡುಕುವುದು ಬೀಗದ ಕೈ. ಆಮೇಲೆ ದೆವ್ವ, ಶಾಪದ ಮಾತು. ಫಿಟ್ಸ್‌ಗೆ ಕಾರಣ ಹಲವು. ಅದರಲ್ಲಿ ಒಂದು, ಲಾಡಿಹುಳುವಿನ ಮರಿ ಮಿದುಳಿನಲ್ಲಿ ಗೂಡು ಕಟ್ಟುವುದು. ಇದಕ್ಕೆ ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ.

1855ರಲ್ಲಿ ಜರ್ಮನಿಯ ವೈದ್ಯ ಕುಶೆನ್‌ಮೈಸ್ಟರ್ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ, ಅವನಿಗೆ ತಿಳಿಸದೆ, ಹಂದಿಮಾಂಸದಲ್ಲಿನ ಹುಳುಗೂಡು ತಿನ್ನಿಸಿದ. ದಂಡನೆಯ ನಂತರ ಅವನ ಕರುಳಿನಲ್ಲಿ ಲಾಡಿಹುಳು ಸಿಕ್ಕಿತು. ಮಾಡಿದ್ದು ಕ್ರೂರ ಕೆಲಸ, ಆದರೆ ಒಂದು ದಾರಿ ಗೊತ್ತಾಯಿತು.

1888ರಲ್ಲಿ ಮದ್ರಾಸಿನಲ್ಲಿ ಫಿಟ್ಸ್‌ನಿಂದ ಸತ್ತ ಕೂಲಿಯೊಬ್ಬನಲ್ಲಿ ಈ ರೋಗ ಕಂಡಿತು. ಭಾರತದ ಮೊದಲ ವರದಿ ಅದೇ. ಮುಂದೆ ಇಂಗ್ಲೆಂಡಿಗೆ ಮರಳಿದ ಸೈನಿಕರಿಗೆ ವರ್ಷಗಳ ನಂತರ ಫಿಟ್ಸ್ ಶುರುವಾಯಿತು. 1961ರಲ್ಲಿ ಡಿಕ್ಸನ್, ಲಿಪ್ಸ್‌ಕೂಂಬ್ ಎಂಬ ವೈದ್ಯರು ಅಂಥ 450 ಜನರ ಲೆಕ್ಕ ಬರೆದರು. ಹೆಚ್ಚಿನವರು ಭಾರತದಲ್ಲಿ ಇದ್ದು ಹೋದವರು.

ಇಷ್ಟು ತಡ ಯಾಕೆ? ಹುಳು ಬದುಕಿರುವಾಗ ಸುಮ್ಮನಿರುತ್ತದೆ. ಅದು ಸಾಯುವಾಗ ನಮ್ಮ ದೇಹ ಅದರ ಮೇಲೆ ತಿರುಗಿ ಬೀಳುತ್ತದೆ, ಸುತ್ತಲಿನ ಮಿದುಳು ಊದುತ್ತದೆ, ಆಗ ಫಿಟ್ಸ್ ಬರುತ್ತದೆ.

ಸಿ.ಟಿ. ಸ್ಕ್ಯಾನ್ ಬಂದ ಮೇಲೂ ಗೊಂದಲ ತೀರಲಿಲ್ಲ. ಮಿದುಳಿನಲ್ಲಿ ಸಣ್ಣ ಗಂಟು ಕಂಡರೆ ಕ್ಷಯವೆಂದು ತಿಳಿದು ಔಷಧ ಕೊಡುತ್ತಿದ್ದರು. 1989ರಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಚಾಂಡಿ, ರಾಜಶೇಖರ್ ಮತ್ತು ಜೊತೆಗಾರರು ಇಂಥ ಗಂಟುಗಳನ್ನು ತೆಗೆದು ನೋಡಿ, ಇದು ಹುಳುವಿನ ಕೆಲಸ ಎಂದು ತೋರಿಸಿದರು.

"ನಾವು ಹಂದಿ ತಿನ್ನುವುದಿಲ್ಲ, ನಮಗೇನು?" ಎನ್ನಬೇಡಿ. ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಬರುವ ಮೊಟ್ಟೆ ಕೈ, ನೀರು, ಹಸಿ ತರಕಾರಿಯ ಮೂಲಕ ಯಾರ ಹೊಟ್ಟೆಗಾದರೂ ಸೇರಬಹುದು. ಮಿದುಳಿಗೆ ಹೋಗುವುದು ಈ ಮೊಟ್ಟೆಯಿಂದ ಹೊರಬಂದ ಮರಿ. ಸಸ್ಯಾಹಾರಿಗಳಿಗೂ ಇದು ಬರುತ್ತದೆ. ಶೌಚಾಲಯ, ಸೋಪು, ತೊಳೆದ ಸೊಪ್ಪು ಇವೇ ತಡೆ.

ಫಿಟ್ಸ್ ಇದೆ ಎಂದು ಮಕ್ಕಳ ಶಾಲೆ ಬಿಡಿಸಿದ್ದೇವೆ, ಮದುವೆ ಮುರಿದಿದ್ದೇವೆ. ಆದರೆ ನಮ್ಮದೇ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು ಅಗ್ಗದ ಮಾತ್ರೆಗಳಿಂದಲೇ ಎಷ್ಟೋ ಜನರ ಫಿಟ್ಸ್ ಹತೋಟಿಗೆ ಬರುತ್ತದೆಂದು ತೋರಿಸಿ, 2001ರಲ್ಲಿ ಪ್ರಕಟಿಸಿದರು.

ಬಿದ್ದವರನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಬೀಗದ ಕೈ ಬಾಗಿಲಿಗಿರಲಿ, ಬಿದ್ದವರಿಗೆ ಬೇಕಾದದ್ದು ವೈದ್ಯರು.