ಟುಲಿಪ್

ಈರುಳ್ಳಿಯಂಥ ಗೆಡ್ಡೆಯಿಂದ ಬೆಳೆದು ವಸಂತದಲ್ಲಿ ಬಟ್ಟಲಿನಾಕಾರದ ಹೂ ಬಿಡುವ ಗಿಡ. ಲಿಲಿಯೇಸೀ ಕುಟುಂಬದ ಟುಲಿಪ ಜಾತಿಗೆ ಸೇರಿದ್ದು. ಹೂವಿಗೆ ಆರು ದಳಗಳಿರುವಂತೆ ಕಂಡರೂ ಹೊರಗಿನ ಮೂರು ಪುಷ್ಪಪತ್ರಗಳು. ಬಣ್ಣ ತುಂಬಿಕೊಂಡು ದಳಗಳಂತೆಯೇ ಆಗಿಬಿಟ್ಟಿವೆ. ಬೆಂಗಳೂರಿನ ರಸ್ತೆಗಳಲ್ಲಿ ಕಿತ್ತಳೆಗೆಂಪು ಹೂ ಉದುರಿಸುವ ನೀರುಕಾಯಿ ಮರಕ್ಕೆ ಆಫ್ರಿಕನ್ ಟುಲಿಪ್ ಎಂಬ ಹೆಸರೂ ಇದೆ. ಹೂವಿನ ಆಕಾರ ನೋಡಿ ಇಟ್ಟ ಹೆಸರದು, ಎರಡಕ್ಕೂ ನಂಟಿಲ್ಲ.

ಟುಲಿಪ್ ಅಂದರೆ ಹಾಲೆಂಡ್ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. 1981ರ ಹಿಂದಿ ಚಿತ್ರ ‘ಸಿಲ್‌ಸಿಲಾ’ದ ಹಾಡಿನಲ್ಲಿ ಕಂಡ ಕ್ಯೂಕೆನ್‌ಹಾಫ್ ತೋಟ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೆ ಈ ಗಿಡದ ತವರು ಮಧ್ಯ ಏಷ್ಯಾದ ತಿಯೆನ್ ಶಾನ್ ಮತ್ತು ಪಾಮಿರ್ ಬೆಟ್ಟಸಾಲು. ಅಲ್ಲಿ ಚಳಿಗಾಲವಿಡೀ ಹಿಮ, ಕೆಲವೇ ವಾರಗಳ ವಸಂತ, ಆಮೇಲೆ ಒಣ ಬೇಸಿಗೆ. ಆ ಕೆಲವೇ ವಾರಗಳಲ್ಲಿ ಹೂ ಬಿಟ್ಟು, ಉಣಿಸನ್ನು ಗೆಡ್ಡೆಗೆ ತುಂಬಿ, ಗಿಡ ಮಣ್ಣಿನೊಳಗೆ ಮಲಗುತ್ತದೆ. ಮಣ್ಣೂ ನೀರೂ ಇಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲ ಈ ಗೆಡ್ಡೆ ಇರದಿದ್ದರೆ ಟುಲಿಪ್ ಮೂಟೆಗಳಲ್ಲಿ ಕುಳಿತು ಬೆಟ್ಟ ಇಳಿಯುತ್ತಲೇ ಇರಲಿಲ್ಲ. ಟುಲಿಪ್‌ನ ಚರಿತ್ರೆ ಬಹುಪಾಲು ಅದರ ಗೆಡ್ಡೆಯ ಚರಿತ್ರೆಯೇ.

ಕಾಬೂಲಿನ ಸುತ್ತ ಮೂವತ್ತಕ್ಕೂ ಹೆಚ್ಚು ಬಗೆಯ ಟುಲಿಪ್‌ಗಳನ್ನು ಎಣಿಸಿದ್ದಾಗಿ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಜಹಾಂಗೀರನ ಆಸ್ಥಾನ ಚಿತ್ರಕಾರ ಮನ್ಸೂರ್ ಬರೆದ ಕೆಂಪು ಟುಲಿಪ್‌ನ ಚಿತ್ರ ಇಂದಿಗೂ ಉಳಿದಿದೆ. ಕಾಶ್ಮೀರದ ಹಳೆಯ ಮನೆಗಳ ಮಣ್ಣಿನ ಮಾಳಿಗೆಯ ಮೇಲೂ ಟುಲಿಪ್ ಅರಳುತ್ತಿತ್ತು. ಶ್ರೀನಗರದ ದಾಲ್ ಸರೋವರದ ಬಳಿ, ಜಬರ್‌ವಾನ್ ಬೆಟ್ಟದ ಅಡಿಯಲ್ಲಿ ದೊಡ್ಡ ಟುಲಿಪ್ ತೋಟ ಆರಂಭವಾದದ್ದು ಮಾತ್ರ 2007ರಲ್ಲಿ.

ಈ ಹೂವನ್ನು ಮನಸಾರೆ ಬೆಳೆಸಿದವರು ಆಟೋಮನ್ ತುರ್ಕರು. ಅವರ ಮಾತಿನಲ್ಲಿ ಇದು ‘ಲಾಲೆ’. ಅರಬ್ಬಿ ಲಿಪಿಯಲ್ಲಿ ಈ ಪದಕ್ಕೂ ಅಲ್ಲಾಹನ ಹೆಸರಿಗೂ ಅಕ್ಷರಗಳು ಅವೇ. ಆದ್ದರಿಂದಲೇ ಹೂವಿಗೆ ಪಾವಿತ್ರ್ಯ ಬಂತು. ಅವರ ಇಜ್ನಿಕ್ ಪಟ್ಟಣದ ಹೆಂಚುಗಳ ಮೇಲೆ ಕಾಣುವ ಟುಲಿಪ್ ದುಂಡಗಿಲ್ಲ. ದಳಗಳು ಕಠಾರಿಯಂತೆ ನೀಳ, ತುದಿ ಸೂಜಿಯಷ್ಟು ಚೂಪು. ಮೂರನೆಯ ಅಹ್ಮದ್‌ನ ಆಳ್ವಿಕೆಯ 1718ರಿಂದ 1730ರವರೆಗಿನ ಅವಧಿಗೆ ‘ಟುಲಿಪ್ ಕಾಲ’ವೆಂದೇ ಹೆಸರು. ಪಾತ್ರೋನಾ ಹಲೀಲನ ದಂಗೆಯಲ್ಲಿ ಸುಲ್ತಾನ ಪಟ್ಟ ಕಳೆದುಕೊಂಡಾಗ ಆ ಕಾಲ ಮುಗಿಯಿತು. ಆ ಕಠಾರಿ ದಳದ ತಳಿಗಳೂ ಮುಂದೆ ಕಣ್ಮರೆಯಾದವು; ಇದು ಉದ್ಯಾನಗಳ ಚರಿತ್ರೆಯಲ್ಲಿ ತುಂಬಲಾಗದ ನಷ್ಟ.

ಯುರೋಪಿನವರು ಹೂವನ್ನು ತುರ್ಕರ ರುಮಾಲಿಗೆ ಹೋಲಿಸಿದರು. ರುಮಾಲಿನ ತುರ್ಕಿ ಹೆಸರು ‘ತುಲ್ಬೆಂತ್’ನಿಂದ ಟುಲಿಪ್ ಎಂಬ ಪದ ಹುಟ್ಟಿತು. 1559ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನ ಒಂದು ತೋಟದಲ್ಲಿ ಅರಳಿದ್ದ ಕೆಂಪು ಟುಲಿಪನ್ನು ನಿಸರ್ಗಶಾಸ್ತ್ರಜ್ಞ ಕೊನ್ರಾಡ್ ಗೆಸ್ನರ್ ಕಂಡು ವರ್ಣಿಸಿದ. ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 1593ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ತೋಟಕ್ಕೆ ಬರುವಾಗ ಗೆಡ್ಡೆಗಳನ್ನು ತಂದ. ಅವು ಮರುವರ್ಷ ಹೂಬಿಟ್ಟವು. ಅವನ ತೋಟದಿಂದ ಗೆಡ್ಡೆಗಳು ಕಳವೂ ಆದವು.

ಡಚ್ಚರು ಮರುಳಾದದ್ದು ಒಂದೇ ಬಣ್ಣದ ಹೂಗಳಿಗಲ್ಲ. ಬಿಳಿಯ ಮೇಲೆ ಕೆಂಪು ಜ್ವಾಲೆ ಹರಿದಂತಿದ್ದ ‘ಸೆಂಪರ್ ಅಗಸ್ಟಸ್’ನಂಥ ಗೀರು ಹೂಗಳಿಗೆ. ಬೀಜದಿಂದ ಹೂ ಬರಲು ಐದಾರು ವರ್ಷ ಬೇಕು, ಬಂದರೂ ತಾಯಿಯಂತೆ ಇರುವುದಿಲ್ಲ. ಗೀರು ಹೂವಿನ ಗೆಡ್ಡೆಯೋ ಮರಿ ಹಾಕುವುದೇ ಅಪರೂಪ. ಬೆಲೆ ಏರಲು ಇಷ್ಟು ಸಾಕಾಯಿತು. ಚಳಿಗಾಲದಲ್ಲಿ ಗೆಡ್ಡೆ ನೆಲದೊಳಗಿರುವಾಗ ಜನ ಛತ್ರಗಳಲ್ಲಿ ಕುಳಿತು ಚೀಟಿಗಳನ್ನಷ್ಟೇ ಕೊಂಡು ಮಾರಿದರು; ಅದಕ್ಕೆ ‘ಗಾಳಿ ವ್ಯಾಪಾರ’ವೆಂದರು. 1637ರ ಫೆಬ್ರವರಿ 5ರಂದು ಆಲ್ಕ್‌ಮಾರ್‌ನಲ್ಲಿ ತಬ್ಬಲಿ ಮಕ್ಕಳ ಪರವಾಗಿ ನಡೆದ ಹರಾಜಿನಲ್ಲಿ ಸುಮಾರು 90,000 ಗಿಲ್ಡರ್ ಬಂತು. ಅದೇ ವಾರ ಹಾರ್ಲೆಮ್‌ನಲ್ಲಿ ಕೊಳ್ಳುವವರೇ ಇಲ್ಲದಾಗಿ ಪೇಟೆ ಕುಸಿಯಿತು. ಇದರಿಂದ ದೇಶವೇ ದಿವಾಳಿಯಾಯಿತೆಂಬ ಕಥೆಯನ್ನು ಹರಡಿದ್ದು 1841ರ ಚಾರ್ಲ್ಸ್ ಮೆಕೆಯ ಪುಸ್ತಕ. ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರ್ತಿ ಆನ್ ಗೋಲ್ಡ್‌ಗಾರ್ 2007ರಲ್ಲಿ ತೋರಿಸಿದಂತೆ, ಪೆಟ್ಟು ಬಿದ್ದದ್ದು ಒಂದು ಸಣ್ಣ ಅನುಕೂಲಸ್ಥ ವಲಯಕ್ಕೆ. ಮೆಕೆಯ ಕಥೆಯನ್ನು ಇನ್ನೂ ಪಾಠವಾಗಿ ಒಪ್ಪಿಸುವುದು ಸರಿಯಲ್ಲ.

ಆ ಗೀರುಗಳು ಒಂದು ರೋಗ. ಗಿಡಹೇನು ಹರಡುವ ವೈರಸ್ ದಳದ ಬಣ್ಣವನ್ನು ಅಲ್ಲಲ್ಲಿ ತಡೆದು, ಅಡಿಯ ಬಿಳಿ ಅಥವಾ ಹಳದಿ ಕಾಣುವಂತೆ ಮಾಡುತ್ತದೆ. ಜೊತೆಗೆ ಗೆಡ್ಡೆಯನ್ನು ಸವೆಸುತ್ತದೆ. ಗೆಡ್ಡೆಯಿಂದ ಗೆಡ್ಡೆಗೆ ಇದು ಅಂಟುತ್ತದೆಂದು ಇಂಗ್ಲೆಂಡಿನ ಡೊರೊಥಿ ಕೇಲಿ 1928ರಲ್ಲಿ ತೋರಿಸಿದರು. ಸೆಂಪರ್ ಅಗಸ್ಟಸ್ ಈಗ ಚಿತ್ರಗಳಲ್ಲಷ್ಟೇ ಇದೆ.

1944-45ರ ಹಸಿವಿನ ಚಳಿಗಾಲದಲ್ಲಿ, ಜರ್ಮನ್ ಆಕ್ರಮಣದಡಿ ಅನ್ನವಿಲ್ಲದಾದಾಗ, ಡಚ್ಚರು ಇದೇ ಗೆಡ್ಡೆಯನ್ನು ಸುಲಿದು, ನಡುವಿನ ಹಳದಿ ಮೊಳಕೆಯನ್ನು ತೆಗೆದು ಬೇಯಿಸಿ ತಿಂದರು.

ಆರೈಕೆಯ ಗುಟ್ಟೂ ಗೆಡ್ಡೆಯಲ್ಲೇ ಇದೆ. ಬೇಸಿಗೆಯ ಕೊನೆಗೆ ಒಂದನ್ನು ಉದ್ದಕ್ಕೆ ಸೀಳಿ ನೋಡಿದರೆ ಪದರಗಳ ನಡುವೆ ಅಕ್ಕಿಕಾಳಿನಷ್ಟು ಪುಟ್ಟ ಹೂಮೊಗ್ಗು ಆಗಲೇ ಕುಳಿತಿರುತ್ತದೆ. ಮೊಗ್ಗು ಮೂಡಲು ಬೆಚ್ಚಗಿನ ಬೇಸಿಗೆ ಬೇಕು. ದಂಟು ನೀಳವಾಗಲು ಹನ್ನೆರಡು ವಾರಗಳಿಗೂ ಮೀರಿದ ಚಳಿ ಬೇಕು. ತಂಪು ನಾಡುಗಳಲ್ಲಿ ಅಕ್ಟೋಬರ್-ನವೆಂಬರಿನಲ್ಲಿ, ನೀರು ಬಸಿದುಹೋಗುವ ಮಣ್ಣಿನಲ್ಲಿ, ಗೆಡ್ಡೆಯ ಎತ್ತರದ ಮೂರು ಪಟ್ಟು ಆಳಕ್ಕೆ ಚೂಪು ತುದಿ ಮೇಲೆ ಮಾಡಿ ನೆಡುತ್ತಾರೆ. ಹೂ ಬಾಡಿದೊಡನೆ ತಲೆ ಚಿವುಟಬೇಕು. ಎಲೆಯನ್ನು ಮಾತ್ರ ತಾನಾಗಿ ಹಳದಿಯಾಗುವವರೆಗೆ ಮುಟ್ಟಬಾರದು, ಮುಂದಿನ ವರ್ಷದ ಗೆಡ್ಡೆಗೆ ಉಣಿಸು ಹೋಗುವುದು ಅದರಿಂದಲೇ. ದಿನವಿಡೀ ಗೆಡ್ಡೆ ವಿಂಗಡಿಸುವ ಕೆಲಸಗಾರರ ಬೆರಳ ತುದಿ ಅದರ ರಸದಿಂದ ಉರಿದು ಬಿರಿಯುವುದುಂಟು, ಕೈಗವಸು ಒಳ್ಳೆಯದು.

ಬೆಂಗಳೂರಿನ ಚಳಿ ಇದಕ್ಕೆ ಸಾಲದು. ಇಲ್ಲಿ ಬೆಳೆಸುವವರು ಗೆಡ್ಡೆಯನ್ನು ಕಾಗದದ ಚೀಲದಲ್ಲಿಟ್ಟು ಫ್ರಿಜ್‌ನಲ್ಲಿ ಚಳಿಗಾಲ ಕಳೆಸಿ, ಆಮೇಲೆ ಕುಂಡಕ್ಕೆ ಹಾಕಬೇಕು. ಅದೇ ಫ್ರಿಜ್‌ನಲ್ಲಿ ಸೇಬು, ಬಾಳೆಹಣ್ಣು ಇಡಬಾರದು: ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಕಮರಿಹೋಗುತ್ತದೆ.